ಕಪ್ಪು ಹಾಳೆಯ ಮರಗಳು: ಚೆನ್ನೈನ ಒಂದು ಪುಸ್ತಕದ ಪ್ರಕರಣ ಅಧ್ಯಯನ

ಹೊತ್ತು ಮುಳುಗಿದ ಮೇಲೆ ಗಿಡ ಮುಟ್ಟಬೇಡ ಅಂತ ನಮ್ಮಜ್ಜಿ ಗದರುತ್ತಿದ್ದರು. ಒಗ್ಗರಣೆಗೆ ಒಂದೆಸಳು ಕರಿಬೇವು ಬೇಕಾದರೂ ಬೆಳಕಿರುವಾಗಲೇ ಕಿತ್ತಿಟ್ಟುಕೊಳ್ಳಬೇಕಿತ್ತು. "ಗಿಡ ಮಲಗಿರುತ್ತೆ ಕಣೋ, ಎಬ್ಬಿಸಬಾರದು" ಅನ್ನುತ್ತಿದ್ದರು. ನಿಮ್ಮಲ್ಲಿ ಬಹಳ ಮಂದಿ ಈ ಮಾತು ಕೇಳಿಯೇ ಬೆಳೆದಿರುತ್ತೀರಿ.

ಬೆಂಗಳೂರಿನ ಒಂದು ಪುಸ್ತಕದಂಗಡಿಯಲ್ಲಿ ಒಂದು ದೊಡ್ಡ ಕಪ್ಪು ಪುಸ್ತಕ ಕೈಗೆತ್ತಿಕೊಂಡಾಗ ನನಗೆ ಅಜ್ಜಿ ನೆನಪಾದರು. ಹೆಸರು 'ದ ನೈಟ್ ಲೈಫ್ ಆಫ್ ಟ್ರೀಸ್'. ಮರಗಳ ರಾತ್ರಿಯ ಬದುಕು. ಮರಗಳು ಹಗಲೆಲ್ಲ ನೆರಳು, ಹಣ್ಣು, ಗೂಡು ಅಂತ ಎಲ್ಲರಿಗೂ ಕೊಡುತ್ತಾ ದುಡಿಯುತ್ತವೆ, ರಾತ್ರಿಯಾದ ಮೇಲೇ ಅವಕ್ಕೆ ವಿಶ್ರಾಂತಿ, ಆಗ ಅವುಗಳೊಳಗಿನ ಜೀವಗಳು ಕಾಣಿಸಿಕೊಳ್ಳುತ್ತವೆ ಎಂದು ಮಧ್ಯ ಭಾರತದ ಗೋಂಡ ಬುಡಕಟ್ಟಿನವರು ನಂಬುತ್ತಾರೆ. ಆ ನಂಬಿಕೆಯ ಸುತ್ತ ಕಟ್ಟಿದ ಪುಸ್ತಕ ಇದು. ಪುಟ ತೆಗೆದೆ. ಹಾಳೆಯೇ ಕಪ್ಪು. ಅದರ ಮೇಲೆ ಒಂದು ಮರ, ಹಸಿರು ಹಳದಿಯಲ್ಲಿ ಹೊಳೆಯುತ್ತಿತ್ತು. ಹಾಳೆ ದಪ್ಪ, ಸ್ವಲ್ಪ ಒರಟು. ಬೆರಳಾಡಿಸಿದರೆ ಬಣ್ಣ ತಾಗುತ್ತದೆ. ಹಾಳೆಗಿಂತ ಕೂದಲೆಳೆಯಷ್ಟು ಮೇಲೆ ನಿಂತಿರುತ್ತದೆ. ಆಮೇಲೆ ಆ ವಾಸನೆ.

ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ತಿಪಟೂರಿನಲ್ಲಿ ನಮ್ಮ ಚಿಕ್ಕಪ್ಪನದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಟ್ಟೆ ಚೀಲ, ಅಂಗಡಿ ಬೋರ್ಡು ಎಲ್ಲ ಅಲ್ಲೇ. ಬೇಸಿಗೆ ರಜೆಯಲ್ಲಿ ನಾನು ಅಲ್ಲಿ ಹಾಳೆ ಎತ್ತಿಡುವ ಹುಡುಗ. ಹಾಗಾಗಿ ಪುಸ್ತಕ ಕೈಗೆ ಬಂದ ಅರೆಗಳಿಗೆಯಲ್ಲೇ ಅರ್ಥವಾಯಿತು: ಇದು ಮಷಿನ್ನಲ್ಲಿ ಹೊಡೆದದ್ದಲ್ಲ, ಪ್ರತಿ ಪುಟವನ್ನೂ ಯಾರೋ ಕೈಯಲ್ಲಿ ಎಳೆದಿದ್ದಾರೆ. ಬೆಲೆ ನೋಡಿದಾಗ ಕೈ ಒಮ್ಮೆ ಹಿಂದೆ ಬಂತು. ಆದರೂ ತಗೊಂಡೆ.

ಕಲಾಕೃತಿಯೂ ಆಗಿರುವ ಪುಸ್ತಕಗಳ ಬಗ್ಗೆ ಮಾತಾಡುವಾಗ ಸಾಮಾನ್ಯವಾಗಿ ಯೂರೋಪು, ಅಮೆರಿಕದ ಉದಾಹರಣೆಗಳೇ ಬರುತ್ತವೆ. ನನಗೆ ಪಕ್ಕದ ಚೆನ್ನೈನ ಈ ಒಂದೇ ಪುಸ್ತಕವನ್ನು ಹಿಡಿದು ಕೂರಬೇಕು ಅನ್ನಿಸಿದೆ. ಕಾರಣ, ಅಪರೂಪದ ವಸ್ತು ಮಾಡುವುದು ಒಂದು ಕೆಲಸ. ಅದನ್ನು ಸಾವಿರಾರು ಜನರ ಕೈಗೆ ತಲುಪುವ ಹಾಗೆ ಮತ್ತೆ ಮತ್ತೆ ಮಾಡುವುದು ಬೇರೆಯೇ ಕೆಲಸ. ಈ ಪುಸ್ತಕ ಎರಡನ್ನೂ ಮಾಡಿದೆ. ಹೇಗೆ ಅನ್ನುವುದೇ ಈ ಬರಹದ ವಿಷಯ.

ಯಾರು, ಎಲ್ಲಿ

ಪ್ರಕಾಶಕರು ಚೆನ್ನೈನ ತಾರಾ ಬುಕ್ಸ್. ಗೀತಾ ವುಲ್ಫ್ 1994ರಲ್ಲಿ ಶುರು ಮಾಡಿದ ಪುಟ್ಟ ಸಂಸ್ಥೆ. ಇವತ್ತು ತಿರುವಾನ್ಮಿಯೂರಿನಲ್ಲಿ ಅವರದೇ ಕಟ್ಟಡ ಇದೆ. ಶುರುವಿನ ದಿನಗಳಲ್ಲೇ ಅವರು ಸಿಂಹದ ಕತೆಯ ಒಂದು ಮಕ್ಕಳ ಪುಸ್ತಕವನ್ನು ಕೈಕಾಗದದ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡಿ, ಮಾದರಿಯನ್ನು ಜರ್ಮನಿಯ ಫ್ರಾಂಕ್‌ಫರ್ಟ್ ಪುಸ್ತಕ ಮೇಳಕ್ಕೆ ಒಯ್ದಿದ್ದರು. ಕೆನಡಾದ ಪ್ರಕಾಶಕರೊಬ್ಬರಿಗೆ ಅದು ಇಷ್ಟವಾಗಿ ಸಾವಿರಗಟ್ಟಲೆ ಪ್ರತಿಗೆ ಆರ್ಡರ್ ಕೊಟ್ಟರು. ಕೈಯಲ್ಲಿ ಮಾಡಿದ ಮಾದರಿ ಅದು. ಈಗ ಸಾವಿರಾರು ಪ್ರತಿಯನ್ನೂ ಕೈಯಲ್ಲೇ ಮಾಡಬೇಕು. ಅದಕ್ಕಾಗಿ ಅರುಮುಗಂ ಎಂಬ ಸ್ಕ್ರೀನ್ ಪ್ರಿಂಟರ್ ಜೊತೆ ಸೇರಿ ಕೆಲಸ ಹೂಡಿದರು. ಆ ಕೆಲಸದಿಂದ ಬೆಳೆದದ್ದೇ ಎ.ಎಂ.ಎಂ. ಸ್ಕ್ರೀನ್ಸ್ ಎಂಬ ಕಾರ್ಯಾಗಾರ. ಮುದ್ರಣ, ಹೊಲಿಗೆ, ಬೈಂಡಿಂಗ್ ಎಲ್ಲ ಅಲ್ಲೇ ನಡೆಯುತ್ತದೆ.

ಚಿತ್ರಕಾರರು ಮೂವರು. ಭಜ್ಜು ಶ್ಯಾಮ್, ದುರ್ಗಾ ಬಾಯಿ, ರಾಮ್ ಸಿಂಗ್ ಉರ್ವೇತಿ. ಮೂವರೂ ಮಧ್ಯಪ್ರದೇಶದ ಪರ್ಧಾನ್ ಗೋಂಡರು. ಭಜ್ಜು ಮತ್ತು ರಾಮ್ ಸಿಂಗ್ ಅವರ ಊರು ಪಾಟನ್‌ಗಢ. ದಿಂಡೋರಿ ಜಿಲ್ಲೆಯ ಪುಟ್ಟ ಹಳ್ಳಿ ಅದು. ಇವತ್ತು ಅಲ್ಲಿ ಮನೆಗೊಬ್ಬ ಚಿತ್ರಕಾರ ಸಿಕ್ಕಿದರೂ ಆಶ್ಚರ್ಯವಿಲ್ಲ.

ಪರ್ಧಾನರ ಬಗ್ಗೆ ಸ್ವಲ್ಪ ಹೇಳಲೇಬೇಕು. ಚಿತ್ರ ಬರೆಯುವುದು ಅವರ ಮೂಲ ಕಸುಬಲ್ಲ, ಹಾಡುವುದು. ಬಾನಾ ಎಂಬ ತಂತಿವಾದ್ಯ ಹಿಡಿದು ಗೋಂಡ ಯಜಮಾನರ ಮನೆಮನೆಗೆ ಹೋಗಿ ವಂಶದ ಕತೆ, ದೇವರ ಕತೆ ಹಾಡುತ್ತಿದ್ದರು. ನಮ್ಮಲ್ಲಿ ಹೆಳವರು ಎತ್ತಿನ ಮೇಲೆ ಬಂದು ಮನೆತನದ ಹಿಂದಿನ ತಲೆಮಾರುಗಳನ್ನೆಲ್ಲ ಹೇಳುತ್ತಿದ್ದರಲ್ಲ, ಹಾಗೆ ಅಂತ ಇಟ್ಟುಕೊಳ್ಳಿ. ಅವರ ದೊಡ್ಡ ದೇವರು ಬಡಾದೇವ್. ಆ ದೇವರು ಇರುವುದು ಸಾಜಾ ಮರದಲ್ಲಿ. ಸಾಜಾ ಅಂದರೆ ನಮ್ಮ ಮಲೆನಾಡಿನ ಮತ್ತಿ. ಮರ ಅವರಿಗೆ ಚಿತ್ರದ ಅಂಚಿಗೆ ಬಿಡಿಸುವ ಅಲಂಕಾರ ಆಗಿರಲು ಸಾಧ್ಯವೇ ಇಲ್ಲ ಅನ್ನುವುದು ಇಷ್ಟರಲ್ಲೇ ತಿಳಿಯುತ್ತದೆ.

ಹಾಡು ಚಿತ್ರವಾದದ್ದು 1980ರ ದಶಕದಲ್ಲಿ. ಭೋಪಾಲದಲ್ಲಿ ಭಾರತ ಭವನ ಎಂಬ ಕಲಾಕೇಂದ್ರ ಕಟ್ಟುತ್ತಿದ್ದಾಗ ಚಿತ್ರಕಾರ ಜೆ. ಸ್ವಾಮಿನಾಥನ್ ಅವರ ತಂಡ ಹಳ್ಳಿಹಳ್ಳಿ ಸುತ್ತಿತು. ಪಾಟನ್‌ಗಢದ ಗೋಡೆಗಳ ಮೇಲೆ ಜಂಗಢ್ ಸಿಂಗ್ ಶ್ಯಾಮ್ ಎಂಬ ಹುಡುಗ ಬರೆದ ಚಿತ್ರಗಳು ಕಣ್ಣಿಗೆ ಬಿದ್ದವು. ಆತ ಭೋಪಾಲಕ್ಕೆ ಬಂದ. 1989ರಲ್ಲಿ ಪ್ಯಾರಿಸ್‌ನ ದೊಡ್ಡ ಪ್ರದರ್ಶನವೊಂದರಲ್ಲೂ ಅವರ ಚಿತ್ರಗಳಿದ್ದವು. ಊರಿನ ಹುಡುಗರು ಒಬ್ಬೊಬ್ಬರಾಗಿ ಅವರ ಮನೆಗೆ ಬಂದು ಕಲಿತರು. ಅವರಲ್ಲಿ ಒಬ್ಬರು ಸೋದರಳಿಯ ಭಜ್ಜು. ಅದಕ್ಕೂ ಮುಂಚೆ ಭಜ್ಜು ರಾತ್ರಿ ಕಾವಲುಗಾರನಾಗಿ, ಎಲೆಕ್ಟ್ರಿಷಿಯನ್ ಆಗಿ ದುಡಿದವರು. ಜಂಗಢ್ 2001ರಲ್ಲಿ ಜಪಾನಿನಲ್ಲಿ, ಊರಿಂದ ಅಷ್ಟು ದೂರದಲ್ಲಿ, ತಮ್ಮ ಜೀವ ತಾವೇ ತೆಗೆದುಕೊಂಡರು. ನಲವತ್ತರ ಆಸುಪಾಸಿನ ವಯಸ್ಸು. ಆ ಸುದ್ದಿ ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ದುರ್ಗಾ ಬಾಯಿ ಕಲಿತದ್ದು ಬೇರೆ ದಾರಿಯಲ್ಲಿ. ಹಬ್ಬ, ಮದುವೆಗೆ ಮನೆಯ ನೆಲ ಗೋಡೆಗಳ ಮೇಲೆ ಹಾಕುವ ದಿಗ್ನಾ ಎಂಬ ರಂಗೋಲಿಯಂಥ ಚಿತ್ರವನ್ನು ಹಿರಿಯ ಹೆಂಗಸರಿಂದ ಕಲಿತರು. ಶಾಲೆಗೆ ಹೋದವರಲ್ಲ. ಭಜ್ಜು ಅವರಿಗೆ 2018ರಲ್ಲಿ, ದುರ್ಗಾ ಬಾಯಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಪುಸ್ತಕ ಬಂದದ್ದು 2006ರಲ್ಲಿ, ಆ ಗೌರವಗಳಿಗೆಲ್ಲ ಬಹಳ ಮುಂಚೆ.

ತಾರಾಗೂ ಭಜ್ಜುಗೂ ಒಡನಾಟ ಹಳೆಯದು. ಲಂಡನ್ನಿನ ಒಂದು ಹೋಟೆಲಿನ ಗೋಡೆಗೆ ಚಿತ್ರ ಬರೆಯಲು ಭಜ್ಜು ಎರಡು ತಿಂಗಳು ಅಲ್ಲಿದ್ದರು. ವಾಪಸ್ ಬಂದು ಹೇಳಿದ ಕತೆಗಳೇ 2004ರಲ್ಲಿ 'ದ ಲಂಡನ್ ಜಂಗಲ್ ಬುಕ್' ಆಯಿತು. ಅದರಲ್ಲಿ ವಿಮಾನ ಅಂದರೆ ರೆಕ್ಕೆ ಬಂದ ಆನೆ. ಬಿಗ್ ಬೆನ್ ಗಡಿಯಾರ ಅಂದರೆ ಹುಂಜ, ಎರಡೂ ಹೊತ್ತು ಹೇಳುತ್ತವಲ್ಲ! ಆ ಪುಸ್ತಕ ಮಾಡುವಾಗ ಚಿತ್ರಕಾರನ ಮಾತನ್ನು ಕೂತು ಕೇಳಿ ಬರೆದುಕೊಳ್ಳುವ ಅಭ್ಯಾಸ ಈ ಪ್ರಕಾಶಕರಿಗೆ ಬಂದಿತ್ತು. ಮರಗಳ ಪುಸ್ತಕದ ಮಾತುಗಳೂ ಹಾಗೇ ಬಂದವು. ಒಂದೊಂದು ಮರದ ಚಿತ್ರಕ್ಕೆ ಕೆಲವೇ ಸಾಲು. ಅರಳಿ, ಇಪ್ಪೆ, ಭೂಮಿ ಹೊತ್ತ ಹಾವು, ಹೀಗೆ. ಉದ್ದ ವಿವರಣೆ ಇಲ್ಲ. ಕತೆ ಹೇಳುವವರು ಉಸಿರು ತೆಗೆದುಕೊಳ್ಳಲು ನಿಲ್ಲುತ್ತಾರಲ್ಲ, ಅಷ್ಟೇ ಉದ್ದ.

ಕಪ್ಪು ಹಾಳೆ ಯಾಕೆ

ಇದು ಈ ಪ್ರಕರಣದ ಗಂಟು. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ.

ರಾತ್ರಿಯ ಮರ ತೋರಿಸಬೇಕು ಅಂದರೆ ಸುಲಭದ ದಾರಿ ಬಿಳಿ ಹಾಳೆಯ ಮೇಲೆ ಕಪ್ಪು ಬಣ್ಣ ಹೊಡೆಯುವುದು. ನಾವು ದಿನಾ ನೋಡುವ ಆಫ್‌ಸೆಟ್ ಮುದ್ರಣದಲ್ಲಿ ಇದೇ ನಡೆಯುವುದು. ಆಫ್‌ಸೆಟ್ಟಿನ ಮಸಿ ತೆಳು, ಪಾರದರ್ಶಕ. ಕೆಳಗಿನ ಹಾಳೆಯ ಬಿಳುಪೇ ಬಣ್ಣಗಳಿಗೆ ಬೆಳಕು ಕೊಡುವುದು. ಆ ಮಸಿಯನ್ನು ಕಪ್ಪು ಹಾಳೆಯ ಮೇಲೆ ಹಾಕಿದರೆ ಹಳದಿ ಕಾಣುವುದೇ ಇಲ್ಲ, ನೀಲಿ ನುಂಗಿಹೋಗುತ್ತದೆ. ಅದಕ್ಕೇ ಹಾಳೆ ಬಿಳಿ ಇಟ್ಟು, ಮರ ಬಿಟ್ಟು ಉಳಿದ ಜಾಗಕ್ಕೆಲ್ಲ ಕಪ್ಪು ತುಂಬುತ್ತಾರೆ. ಕಣ್ಣಿಗೆ ರಾತ್ರಿ ಕಾಣುತ್ತದೆ, ಆದರೆ ಹಾಳೆಗೆ ರಾತ್ರಿ ಆಗಿರುವುದಿಲ್ಲ. ಅಂಚು ನೋಡಿದರೆ ಬಿಳಿ. ಮಡಿಕೆ ಸವೆದರೆ ಬಿಳಿ ಗೆರೆ ಎದ್ದು ಕಾಣುತ್ತದೆ. ಬೆರಳಿನ ಗುರುತು ಬೇರೆ ಕೂರುತ್ತದೆ.

ಸ್ಕ್ರೀನ್ ಪ್ರಿಂಟಿಂಗ್ ಹಾಗಲ್ಲ. ಬಣ್ಣ ದಪ್ಪ, ಮುಚ್ಚುವ ಬಣ್ಣ. ಕಪ್ಪಿನ ಮೇಲೂ ಹಳದಿ ಹಳದಿಯಾಗಿಯೇ ನಿಲ್ಲುತ್ತದೆ. ಹಾಗಾಗಿ ಹಾಳೆಯನ್ನೇ ಕಪ್ಪು ಮಾಡಬಹುದು. ಅಲ್ಲಿಗೆ ಕ್ರಮವೇ ತಿರುಗಿಬಿಡುತ್ತದೆ ನೋಡಿ. ಕತ್ತಲು ಮೊದಲೇ ಇದೆ. ಮರ ಆಮೇಲೆ ಅದರ ಮೇಲೆ ಕಾಣಿಸಿಕೊಳ್ಳುತ್ತದೆ. ಗೋಂಡರ ನಂಬಿಕೆ ಹೇಳುವುದೂ ಇದನ್ನೇ ಅಲ್ವಾ? ಪುಸ್ತಕದ ವಸ್ತು, ಹಾಳೆ, ಬಣ್ಣ, ಮುದ್ರಣದ ರೀತಿ ನಾಲ್ಕೂ ಒಂದೇ ಮಾತು ಆಡುತ್ತಿವೆ. ವಿಶೇಷವಾಗಿ ಕಾಣಲಿ ಅಂತ ಮಾಡಿದ ಪುಸ್ತಕಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮರದ ಪೆಟ್ಟಿಗೆ, ರೇಷ್ಮೆ ದಾರ, ಚಿನ್ನದ ಅಂಚು. ಅವುಗಳಲ್ಲಿ ಬಹುಪಾಲಿನದರ ಆಡಂಬರ ತೆಗೆದಿಟ್ಟರೂ ಒಳಗಿನ ಮಾತಿಗೆ ಏನೂ ನಷ್ಟವಾಗುವುದಿಲ್ಲ. ಇಲ್ಲಿ ಕಪ್ಪು ಹಾಳೆ ತೆಗೆದರೆ ಪುಸ್ತಕವೇ ಹೋಯಿತು. ನನ್ನ ಪ್ರಕಾರ ಕಲಾವಸ್ತುವಾಗಿರುವ ಪುಸ್ತಕಕ್ಕೆ ಒಂದೇ ಪರೀಕ್ಷೆ ಇದು.

ಕಪ್ಪಿನ ಮೇಲೆ ತಿಳಿ ಬಣ್ಣದಲ್ಲಿ ಬರೆಯುವುದು ಕನ್ನಡನಾಡಿಗೆ ಹೊಸದೇನಲ್ಲ. ನಮ್ಮ ಕಡತಗಳನ್ನು ನೆನೆಸಿಕೊಳ್ಳಿ. ಈಗ ಕಡತ ಅಂದರೆ ಸರ್ಕಾರಿ ಕಚೇರಿಯ ಫೈಲು. ಮೊದಲು ಅದು ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿ, ಹಿಂದೆ ಮುಂದೆ ಮಡಿಕೆ ಹಾಕಿ, ಬಳಪದಲ್ಲಿ ಬರೆಯುತ್ತಿದ್ದರು. ಶಾನುಭೋಗರ ಲೆಕ್ಕ, ವ್ಯಾಪಾರಿಗಳ ಲೆಕ್ಕ ಎಲ್ಲ ಅದರಲ್ಲೇ. ಶೃಂಗೇರಿ ಮಠದ ಹಳೆಯ ದಾಖಲೆಗಳೂ ಕಡತಗಳಲ್ಲಿವೆ. ಅದೂ ಕಪ್ಪು, ಬಿಚ್ಚಿದರೆ ಉದ್ದಕ್ಕೆ ಹಾಸಿಕೊಳ್ಳುವ ಪುಸ್ತಕ. ಚೆನ್ನೈನವರು ಇದನ್ನು ನೋಡಿ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಕಪ್ಪು ಪುಟದ ಮೇಲೆ ಬೆರಳಾಡಿಸಿದಾಗ ನನಗೆ ದೂರದ್ದು ಅನ್ನಿಸಲಿಲ್ಲ. ನಮ್ಮ ಮನೆಯ ಅಟ್ಟದ ಮೇಲಿನ ವಸ್ತು ಅನ್ನಿಸಿತು.

ಒಂದು ಪುಟ ಹೇಗೆ ಆಗುತ್ತದೆ

ಮೊದಲು ಬಣ್ಣ ಬಿಡಿಸಿಕೊಳ್ಳಬೇಕು. ಚಿತ್ರದಲ್ಲಿ ಮೂರು ಬಣ್ಣ ಇದ್ದರೆ ಮೂರು ಫಿಲಂ. ಪ್ರತಿ ಫಿಲಂನಲ್ಲೂ ಆ ಒಂದು ಬಣ್ಣದ ಭಾಗ ಮಾತ್ರ ಕಪ್ಪಾಗಿರುತ್ತದೆ. ಚೌಕಟ್ಟಿಗೆ ಬಿಗಿದ ತೆಳು ಜಾಲರಿ ಬಟ್ಟೆಗೆ ಬೆಳಕು ಬಿದ್ದರೆ ಗಟ್ಟಿಯಾಗುವ ಅಂಟು ಬಳಿದು, ಕತ್ತಲಲ್ಲಿ ಒಣಗಿಸುತ್ತಾರೆ. ಮೇಲೆ ಫಿಲಂ ಇಟ್ಟು ಬೆಳಕು ಬಿಡುತ್ತಾರೆ. ಫಿಲಂ ಕಪ್ಪಿದ್ದ ಕಡೆ ಅಂಟು ಮೆತ್ತಗೇ ಉಳಿಯುತ್ತದೆ. ನೀರು ಹೊಡೆದರೆ ಅದು ತೊಳೆದುಹೋಗಿ ಜಾಲರಿ ತೆರೆದುಕೊಳ್ಳುತ್ತದೆ. ಅದೇ ಸ್ಕ್ರೀನು. ಕೆಳಗೆ ಹಾಳೆ ಇಟ್ಟು, ಮೇಲೆ ಬಣ್ಣ ಸುರಿದು, ರಬ್ಬರ್ ಅಂಚಿನ ಸ್ಕ್ವೀಜಿಯಿಂದ ಒಂದೇ ಒತ್ತಡದಲ್ಲಿ ಈ ತುದಿಯಿಂದ ಆ ತುದಿಗೆ ಎಳೆಯಬೇಕು. ಎತ್ತಿದರೆ ಹಾಳೆಯ ಮೇಲೆ ಒಂದು ಬಣ್ಣ ಕೂತಿರುತ್ತದೆ. ಒಣಗಲು ರ‍್ಯಾಕಿಗೆ. ಒಣಗಿದ ಮೇಲೆ ಎರಡನೇ ಬಣ್ಣ. ಆಮೇಲೆ ಮೂರನೆಯದು.

ಲೆಕ್ಕ ಹಾಕಿ ನೋಡಿ. ಇಪ್ಪತ್ತು ಚಿತ್ರ, ಚಿತ್ರಕ್ಕೆ ಮೂರು ಬಣ್ಣ, ಸಾವಿರ ಪ್ರತಿ ಅಂತ ಸುಮ್ನೆ ಇಟ್ಟುಕೊಳ್ಳೋಣ. ಒಂದೊಂದೇ ಚಿತ್ರ ಎಳೆದರೆ ಅರವತ್ತು ಸಾವಿರ ಸಲ ಸ್ಕ್ವೀಜಿ ಎಳೆಯಬೇಕು. ದೊಡ್ಡ ಹಾಳೆಯಲ್ಲಿ ಎರಡು ಚಿತ್ರ ಒಟ್ಟಿಗೆ ಕೂರಿಸಿದರೂ ಮೂವತ್ತು ಸಾವಿರ. ಮಾತಿನ ಅಚ್ಚು ಬೇರೆ. ಅಷ್ಟು ಸಲವೂ ಕೈಯ ಭಾರ ಒಂದೇ ಆಗಿರಬೇಕು. ಭುಜ ಹಿಡಿದುಕೊಳ್ಳುವುದು ಅಂದರೇನು ಅಂತ ಚಿಕ್ಕಪ್ಪನನ್ನು ಕೇಳಬೇಕು.

ಇಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಬಣ್ಣ ಬಣ್ಣಕ್ಕೆ ಕೂಡಿಸುವುದು. ಅಂಗಡಿಗಳಲ್ಲಿ ರಿಜಿಸ್ಟರ್ ಅನ್ನುತ್ತಾರೆ. ಹಾಳೆ ಪ್ರತಿ ಸಲವೂ ಕೂದಲೆಳೆ ತಪ್ಪದೆ ಅದೇ ಜಾಗದಲ್ಲಿ ಕೂರಬೇಕು. ಅದಕ್ಕೆ ಮೇಜಿನ ಮೇಲೆ ಮೂರು ಕಡೆ ರಟ್ಟಿನ ತುಂಡು ಅಂಟಿಸಿರುತ್ತಾರೆ. ಒಂದು ರಜೆಯಲ್ಲಿ ನಾನು ಮೇಜು ಒರೆಸುವಾಗ ಅಂಥ ಒಂದು ತುಂಡು ಸ್ವಲ್ಪ ಸರಿದಿತ್ತು. ನನಗೆ ಗೊತ್ತಾಗಲಿಲ್ಲ. ಮುನ್ನೂರು ಲಗ್ನಪತ್ರಿಕೆಗಳಲ್ಲಿ ಗಣಪತಿಯ ಕೆಂಪು ಒಂದು ಕಡೆ, ಚಿನ್ನದ ಗೆರೆ ಇನ್ನೊಂದು ಕಡೆ. ಚಿಕ್ಕಪ್ಪ ಬೈಯಲಿಲ್ಲ. ರಾತ್ರಿಯೆಲ್ಲ ಕೂತು ಮತ್ತೆ ಹೊಡೆದರು. ಅವತ್ತಿನಿಂದ ಎರಡು ಬಣ್ಣ ಕೂಡುವ ಗೆರೆ ನೋಡದೆ ಯಾವ ಅಚ್ಚನ್ನೂ ನಾನು ನೋಡುವುದಿಲ್ಲ.

ಲಗ್ನಪತ್ರಿಕೆಯ ಹಾಳೆಯಾದರೂ ಕಾರ್ಖಾನೆಯದು, ಎಲ್ಲ ಒಂದೇ ದಪ್ಪ. ಈ ಪುಸ್ತಕದ್ದು ಕೈಕಾಗದ. ಹತ್ತಿ ಬಟ್ಟೆಯ ಚೂರುಗಳನ್ನು ನೆನೆಸಿ, ಅರೆದು ಮಾಡುವ ಕಾಗದ. ಒಂದು ಹಾಳೆ ಸ್ವಲ್ಪ ದಪ್ಪ, ಮತ್ತೊಂದು ಸ್ವಲ್ಪ ತೆಳು. ಒಂದೊಂದು ಕಡೆ ನಾರು ಎದ್ದಿರುತ್ತದೆ. ಮಳೆಗಾಲದಲ್ಲಿ ಹಾಳೆ ತೇವ ಕುಡಿದು ಹಿಗ್ಗುತ್ತದೆ. ಅದರ ಮೇಲೆ ಗೋಂಡ ಚಿತ್ರ! ಈ ಚಿತ್ರಗಳಲ್ಲಿ ಖಾಲಿ ಜಾಗವೇ ಇರುವುದಿಲ್ಲ. ಎಲೆ, ರೆಂಬೆ, ಪ್ರಾಣಿಯ ಮೈ ಎಲ್ಲವನ್ನೂ ಚುಕ್ಕಿ, ಗೀಟು, ಅಲೆಗಳಿಂದ ತುಂಬುತ್ತಾರೆ. ಒಬ್ಬೊಬ್ಬ ಚಿತ್ರಕಾರನಿಗೂ ಅವನದೇ ತುಂಬುವ ಮಾದರಿ ಇದೆ. ಅದೇ ಅವರ ಸಹಿ. ಬಲ್ಲವರು ಹೆಸರು ನೋಡದೆ ಇದು ಇಂಥವರದು ಅನ್ನುತ್ತಾರೆ. ಅಂಥ ಸಣ್ಣ ಗೀಟುಗಳು ಒರಟು ಕಾಗದದ ಮೇಲೆ ಒಡೆಯದೆ ಕೂರಬೇಕು. ಒಂದು ಗೀಟು ಕಲಸಿದರೆ ಸಹಿ ಕಲಸಿದ ಹಾಗೆ.

ಮೊದಲ ಸಲ ಸ್ಕ್ರೀನು ಸರಿ ಇದೆಯಾ ಅಂತ ನೋಡಲು ಹಾಳಾದ ಹಾಳೆಗಳ ಮೇಲೆ ಎಳೆದು ನೋಡುತ್ತಾರೆ. ಅದೇ ಹಾಳೆ ಮತ್ತೆ ಮತ್ತೆ ಉಪಯೋಗವಾಗಿ ಮರದ ಮೇಲೆ ಮೀನು, ಮೀನಿನ ಮೇಲೆ ಅಕ್ಷರ, ಹೀಗೆ ಒಂದರ ಮೇಲೊಂದು ಕೂರುತ್ತದೆ. ಎಲ್ಲ ಅಂಗಡಿಗಳಲ್ಲೂ ಇದು ಕಸದ ಬುಟ್ಟಿಗೆ ಹೋಗುತ್ತದೆ. ತಾರಾದವರು ಅವನ್ನೇ ಸೇರಿಸಿ ಬೈಂಡ್ ಮಾಡಿ ನೋಟುಬುಕ್ ಮಾಡಿದರು. ಫ್ಲೂಕ್ ಬುಕ್ ಅಂತ ಹೆಸರು. ಅಪ್ಪಿತಪ್ಪಿ ಆದದ್ದು ಅಂತ ಅರ್ಥ. ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಕೈಗೆಲಸದ ಜಾಗದಲ್ಲಿ ಮಾತ್ರ ಹುಟ್ಟಬಹುದಾದ ಯೋಚನೆ ಇದು.

ನಂಬರಿನ ಪ್ರಶ್ನೆ

ನನ್ನ ಪ್ರತಿಯ ಕೊನೆಯಲ್ಲಿ ಪೆನ್ನಿನಲ್ಲಿ ಬರೆದ ಒಂದು ನಂಬರ್ ಇದೆ. ಪ್ರತಿಯೊಂದು ಪ್ರತಿಗೂ ಹೀಗೆ ನಂಬರ್ ಇರುತ್ತದೆ. ಇದರ ಬಗ್ಗೆ ಬಹಳ ದಿನ ಯೋಚಿಸಿದ್ದೇನೆ.

ಕಲಾಪುಸ್ತಕದ ಜಗತ್ತಿನಲ್ಲಿ ನಂಬರ್ ಅಂದರೆ ಸಾಮಾನ್ಯವಾಗಿ ಬಾಗಿಲು ಹಾಕುವುದು. ಇಷ್ಟೇ ಇರುವುದು, ಸಿಕ್ಕವರಿಗೆ ಸಿಕ್ಕಿತು. ಪ್ಯಾರಿಸ್‌ನ ಕಲಾ ವ್ಯಾಪಾರಿ ಆಂಬ್ರೋಯಿಸ್ ವೊಲಾರ್ 1900ರಲ್ಲಿ ಚಿತ್ರಕಾರ ಬೊನ್ನಾರ್ ಕೈಯಲ್ಲಿ ಚಿತ್ರ ಬರೆಸಿ ವೆರ್ಲೇನ್ ಕವಿತೆಗಳ ಪುಸ್ತಕ ತಂದಾಗ ಮಾಡಿದ್ದು ಇನ್ನೂರರ ಆಸುಪಾಸು ಪ್ರತಿ. ಅಂಥ ಪುಸ್ತಕ ಹಣವಂತರ ಕಪಾಟಿಗೆ ಹೋಗುತ್ತದೆ. ಇನ್ನೊಂದು ತುದಿಯಲ್ಲಿ ಅಮೆರಿಕದ ಕಲಾವಿದ ಎಡ್ ರುಶೇ. 1963ರಲ್ಲಿ ಇಪ್ಪತ್ತಾರು ಪೆಟ್ರೋಲ್ ಬಂಕ್‌ಗಳ ಫೋಟೋ ಹಾಕಿ ಸಾದಾ ಸೀದಾ ಆಫ್‌ಸೆಟ್ ಪುಸ್ತಕ ಮಾಡಿದರು. ಮೊದಲ 400 ಪ್ರತಿಗಳಿಗೆ ನಂಬರ್ ಹಾಕಿದ್ದರು. ಆಮೇಲೆ ಅದು ತಪ್ಪಾಯಿತು ಅಂದರು, ಮುಂದಿನ ಮುದ್ರಣಗಳಲ್ಲಿ ಕೈಬಿಟ್ಟರು. ಯಾರು ಬೇಕಾದರೂ ಕೊಳ್ಳುವ, ಯಾವ ಪ್ರತಿಯೂ ಹೆಚ್ಚಲ್ಲದ ಪುಸ್ತಕ ಅವರಿಗೆ ಬೇಕಿತ್ತು.

ಮರಗಳ ಪುಸ್ತಕ ಈ ಎರಡರ ನಡುವೆ ನಿಂತಿದೆ. ಒಂದು ಮುದ್ರಣ ಮುಗಿದರೆ ಮತ್ತೆ ಸ್ಕ್ರೀನು ಹೂಡುತ್ತಾರೆ, ಮತ್ತೆ ಎಳೆಯುತ್ತಾರೆ. 2006ರಿಂದ ಹೀಗೆ ಮತ್ತೆ ಮತ್ತೆ ಅಚ್ಚಾಗಿದೆ. ಆದರೂ ನಂಬರ್ ಹಾಕುತ್ತಾರೆ. ಮೊದಲು ನನಗೆ ಇದು ಸರಿ ಕಾಣಲಿಲ್ಲ. ಮುಗಿಯದ ಪುಸ್ತಕಕ್ಕೆ ನಂಬರ್ ಯಾಕೆ? ಈಗ ಬೇರೆ ಥರ ಕಾಣುತ್ತದೆ. ಎರಡು ಪ್ರತಿ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಹಸಿರು ಒಂದು ಗುಲಗಂಜಿ ಜಾಸ್ತಿ ಕೂತಿರುತ್ತದೆ. ಇನ್ನೊಂದರಲ್ಲಿ ಹಾಳೆಯ ನಾರು ಒಂದು ಎಲೆಯ ಮೇಲೆ ಹಾದುಹೋಗಿರುತ್ತದೆ. ಎರಡೂ ನಿಜವಾಗಿಯೂ ಬೇರೆ ಬೇರೆ. ನಂಬರ್ ಬರೆದವರು ಆ ಒಂದು ಪ್ರತಿಯನ್ನು ಕೈಯಲ್ಲಿ ಹಿಡಿದು, ತಿರುವಿ ನೋಡಿ, ಸರಿ ಇದೆ ಅಂದಿದ್ದಾರೆ. ಕುಂಬಾರ ಮಡಕೆ ಬಡಿದು ಸದ್ದು ಕೇಳಿ ಕೊಡುವ ಹಾಗೆ.

ದುಡ್ಡಿನ ವಿಷಯ

ಕೈಯಲ್ಲಿ ಮಾಡಿದ ಪುಸ್ತಕವನ್ನು ಇಪ್ಪತ್ತು ವರ್ಷ ನಡೆಸಲು ಬರೀ ಪ್ರೀತಿ ಸಾಲದು. ಇಲ್ಲಿ ಒಂದು ಜಾಣತನ ಇದೆ. ಚಿತ್ರದ ಬಣ್ಣಗಳಿಗೆ ಬೇರೆ ಸ್ಕ್ರೀನು, ಮಾತಿಗೆ ಬೇರೆ ಸ್ಕ್ರೀನು. ಭಾಷೆ ಬದಲಾದರೆ ಮಾತಿನ ಸ್ಕ್ರೀನು ಮಾತ್ರ ಬದಲು. ಫ್ರೆಂಚ್, ಜಪಾನಿ ಮತ್ತು ಇನ್ನೂ ಹಲವು ಭಾಷೆಗಳ ಪ್ರಕಾಶಕರು ಈ ಪುಸ್ತಕ ತಂದಿದ್ದಾರೆ. ಮಾಮೂಲಾಗಿ ಹೊರದೇಶದ ಪ್ರಕಾಶಕರು ಹಕ್ಕು ಕೊಂಡು ತಮ್ಮಲ್ಲೇ ಅಚ್ಚು ಹಾಕಿಕೊಳ್ಳುತ್ತಾರೆ. ಇದನ್ನು ಹಾಗೆ ಮಾಡಲಾಗುವುದಿಲ್ಲ. ಎಲ್ಲ ಭಾಷೆಯ ಪ್ರತಿಗಳೂ ಚೆನ್ನೈನ ಅದೇ ಕಾರ್ಯಾಗಾರದಲ್ಲಿ ಆಗಬೇಕು, ಅಲ್ಲಿಂದಲೇ ಹಡಗು ಹತ್ತಬೇಕು. ಹಕ್ಕಿನ ದುಡ್ಡಿನ ಜೊತೆ ಕೆಲಸವೂ ಇಲ್ಲೇ ಉಳಿಯುತ್ತದೆ. ಜಾನಪದ ಚಿತ್ರ ಅಂದಾಕ್ಷಣ ಹೆಸರಿಲ್ಲದ ಕಲೆ ಅಂತ ಪುಕ್ಕಟೆ ಎತ್ತಿಕೊಳ್ಳುವುದು ನಮ್ಮಲ್ಲಿ ಎಷ್ಟು ಮಾಮೂಲು! ಇಲ್ಲಿ ಮೂವರೂ ಪುಸ್ತಕದ ಕರ್ತೃಗಳು. ಮಾರಾಟದಲ್ಲಿ ಅವರಿಗೂ ಪಾಲು.

ಪುಸ್ತಕಕ್ಕೆ 2008ರಲ್ಲಿ ಇಟಲಿಯ ಬೊಲೊನ್ಯಾ ಮಕ್ಕಳ ಪುಸ್ತಕ ಮೇಳದ ಪ್ರಶಸ್ತಿ ಬಂತು. ಆದರೆ ಪ್ರಶಸ್ತಿಗಿಂತ ನನಗೆ ಕುತೂಹಲ ಜಪಾನಿನ ಕತೆ. ಅಲ್ಲಿ ತಮುರಾದೋ ಎಂಬ ತೀರಾ ಸಣ್ಣ ಪ್ರಕಾಶನ 'ಯೋರು ನೊ ಕಿ' ಅಂತ ಇದನ್ನು 2012ರಲ್ಲಿ ತಂದಿತು. ರಾತ್ರಿಯ ಮರ ಅಂತ ಅರ್ಥ. ಪ್ರತಿ ಮುದ್ರಣಕ್ಕೂ ಹೊದಿಕೆಯ ಮರ ಬದಲಾಗುತ್ತದೆ. ಚೆನ್ನೈನಿಂದ ಪೆಟ್ಟಿಗೆ ಬರುವವರೆಗೆ ಓದುಗರು ಕಾಯುತ್ತಾರೆ. ಟೋಕಿಯೋದ ಇತಾಬಾಶಿ ಕಲಾ ಸಂಗ್ರಹಾಲಯದಲ್ಲಿ 2017ರ ಕೊನೆಯಲ್ಲಿ ತಾರಾದ ಪುಸ್ತಕಗಳದೇ ಪ್ರದರ್ಶನ ನಡೆಯಿತು. ಜಂಗಢ್ ತೀರಿಕೊಂಡ ಅದೇ ದೇಶ ಅನ್ನುವುದು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಕೊರತೆ ಇಲ್ಲವೇ? ಇದೆ. ನಮ್ಮ ಮಧ್ಯಮ ವರ್ಗದ ಮನೆಗೂ ಇದರ ಬೆಲೆ ಭಾರವೇ. ಪಾಟನ್‌ಗಢದ ಮಗು ಇದನ್ನು ಅಂಗಡಿಯಲ್ಲಿ ಕೊಳ್ಳುವುದು ಕನಸಿನ ಮಾತು. ಮಕ್ಕಳ ಪುಸ್ತಕವೆಂದು ಪ್ರಶಸ್ತಿ ಬಂದಿದ್ದರೂ ಬಹಳ ಮನೆಗಳಲ್ಲಿ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಕೂತಿರುತ್ತದೆ. ಬೇಡಿಕೆ ಜಾಸ್ತಿ ಆಯಿತು ಅಂತ ಬೇಗ ಬೇಗ ಮಾಡಲೂ ಆಗುವುದಿಲ್ಲ. ಎಳೆಯುವ ಕೈಗಳು ಎಷ್ಟಿವೆಯೋ ಅಷ್ಟೇ ಪುಸ್ತಕ. ಬೆಲೆಯ ಮಾತಿಗೆ ನನ್ನಲ್ಲಿ ಒಂದೇ ಉತ್ತರ ಇದೆ: ಊರಿನ ಗ್ರಂಥಾಲಯಗಳು ಇಂಥ ಪುಸ್ತಕ ಕೊಳ್ಳಬೇಕು, ಬೀರುವಿನಲ್ಲಿ ಬೀಗ ಹಾಕದೆ ಮೇಜಿನ ಮೇಲೆ ಇಡಬೇಕು. ಮಕ್ಕಳ ಬೆರಳು ತಾಗಿ ಅಂಚು ಸವೆದರೂ ಬಿಳಿ ಕಾಣುವುದಿಲ್ಲ, ಒಳಗೂ ಕಪ್ಪೇ ಇದೆ.

ಕಳೆದ ದೀಪಾವಳಿಗೆ ತಿಪಟೂರಿಗೆ ಹೋದಾಗ ಪುಸ್ತಕ ಒಯ್ದಿದ್ದೆ. ಚಿಕ್ಕಪ್ಪ ಈಗ ಅಂಗಡಿ ಬಿಟ್ಟಿದ್ದಾರೆ. ಲಗ್ನಪತ್ರಿಕೆ ವಾಟ್ಸಾಪಿನಲ್ಲಿ ಹೋಗುವ ಕಾಲ. ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತು ಪುಸ್ತಕ ತೊಡೆಯ ಮೇಲಿಟ್ಟುಕೊಂಡರು. ಮೊದಲ ಪುಟದಲ್ಲಿ ಅವರು ಚಿತ್ರ ನೋಡಲಿಲ್ಲ. ಹಾಳೆ ತಿರುವಿ ಹಿಂಬದಿಗೆ ಬಣ್ಣ ಒಸರಿದೆಯಾ ನೋಡಿದರು. ಮೂಸಿದರು. ಆಮೇಲೆ ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದು ಹೆಬ್ಬೆರಳಿನ ಉಗುರಿನಿಂದ ಒಂದು ರೆಂಬೆಯ ಅಂಚನ್ನು ಮೆಲ್ಲಗೆ ಸವರಿದರು.

"ಇಲ್ಲಿ ನೋಡು, ಒಂಚೂರು ಸರಿದಿದೆ" ಅಂದರು. ಹಸಿರಿಗೂ ಹಳದಿಗೂ ನಡುವೆ ದಾರದೆಳೆಯಷ್ಟು ಕಪ್ಪು ಕಾಣುತ್ತಿತ್ತು. ಇಷ್ಟು ವರ್ಷ ನನ್ನ ಬಳಿ ಇದ್ದ ಪುಸ್ತಕ, ನಾನು ನೋಡಿರಲಿಲ್ಲ. ಅವರ ಮುಖ ಅರಳಿತ್ತು.

ಮತ್ತೆ ಮೊದಲಿನಿಂದ ಶುರು ಮಾಡಿದರು. ಈ ಸಲ ಮರಗಳನ್ನು ನೋಡುತ್ತಾ, ಒಂದೊಂದು ಪುಟಕ್ಕೂ ನಿಂತು, ಬೆರಳು ಮಡಿಸಿ ಸ್ಕ್ರೀನು ಎಣಿಸುತ್ತಾ ಹೋದರು. ಒಳಗಿಂದ ಚಿಕ್ಕಮ್ಮ ಊಟಕ್ಕೆ ಎರಡು ಸಲ ಕರೆದರು. "ಎಷ್ಟು ಹಾಳೆ ವೇಸ್ಟ್ ಆಗಿರುತ್ತೋ ಪಾಪ" ಅಂದರು ಚಿಕ್ಕಪ್ಪ, ಪುಟದಿಂದ ಕಣ್ಣು ತೆಗೆಯದೆ.